ಬೀಕರಿನಲ್ಲಿ ಬಂದ ಸಾಬೂನು ಡ್ರಮ್ಮಿನಲ್ಲಿ ಯಾಕೆ ಕೆಟ್ಟಿತು?

ಶಿರಸಿಯ ಮೇಷ್ಟ್ರು: ಲ್ಯಾಬಿನಲ್ಲಿ 100 ಗ್ರಾಂ ತೆಂಗಿನೆಣ್ಣೆಗೆ 18 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ ಮಕ್ಕಳಿಂದ ಸಾಬೂನು ಮಾಡಿಸುತ್ತೇನೆ. ಚೆನ್ನಾಗಿ ಬರುತ್ತದೆ. ಊರಿನ ಮಹಿಳಾ ಸಂಘಕ್ಕೆ ಅದೇ ಲೆಕ್ಕದಲ್ಲಿ 20 ಕೆಜಿ ಎಣ್ಣೆ ಹಾಕಿ ಮಾಡಿದೆ. ಸೋಡಾ ನೀರು ಕೊತಕೊತ ಕುದಿಯಿತು. ಸಾಬೂನು ನಡುವೆ ಉಬ್ಬಿ ಬಿರಿಯಿತು. ಲೆಕ್ಕ ಸರಿ ಇತ್ತಲ್ವಾ?

ಕಾರವಾರದಿಂದ: ಲೆಕ್ಕ ಸರಿ ಸರ್, ಬಿಸಿ ಹೊರಹೋಗಲು ದಾರಿ ಇರಲಿಲ್ಲ. ಪಾತ್ರೆಯ ಉದ್ದ, ಅಗಲ, ಎತ್ತರ 10 ಪಟ್ಟಾದರೆ ಒಳಗಿನ ಸರಕು 1000 ಪಟ್ಟು, ಬಿಸಿ ಹೊರಹೋಗುವ ಹೊರಮೈ 100 ಪಟ್ಟು ಮಾತ್ರ. ಅದಕ್ಕೇ ಕಾರ್ಖಾನೆಯ ರಿಯಾಕ್ಟರಿಗೆ (ರಾಸಾಯನಿಕ ಕ್ರಿಯೆ ನಡೆಸುವ ದೊಡ್ಡ ಪಾತ್ರೆಗೆ) ಜೋಡಿ ಗೋಡೆ, ನಡುವೆ ತಣ್ಣೀರು. ಸೋಡಾವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಿ, ಪೂರ್ತಿ ತಣಿಯಲು ಬಿಡಿ. ಸೋಡಾದ ಮೇಲೆ ನೀರು ಸುರಿಯಲೇಬೇಡಿ.

ಕುಮಟೆಯಿಂದ: ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಸೋಡಾ ತಾಗಿದರೆ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಏಳುತ್ತದೆ. ಮೊದಲು 1 ಕೆಜಿ ಮಾಡಿ, ಥರ್ಮಾಮೀಟರ್ ಇಟ್ಟು ನೋಡಿ.