ಜಪಾನಿನಲ್ಲಿ ಅರೆಸ್ಟ್: ಚಾರ್ಜ್ ಇಲ್ಲದೆ 12 ದಿನ ಒಳಗೆ, ಹೀಗೂ ಉಂಟಾ?

ಪ್ರಶ್ನೆ: ನನ್ನ ತಮ್ಮ ಟೋಕಿಯೊದಲ್ಲಿದ್ದಾನೆ. ಅವನ ರೂಮ್‌ಮೇಟನ್ನು ಹೊಡೆದಾಟದ ಆರೋಪದಲ್ಲಿ ಪೊಲೀಸರು ಹಿಡಿದು ಇವತ್ತಿಗೆ 12 ದಿನ. ಚಾರ್ಜ್ ಹಾಕಿಲ್ಲ, ಬೇಲ್ ಇಲ್ಲ, ತಮ್ಮನಿಗೆ ನೋಡಲೂ ಬಿಡುತ್ತಿಲ್ಲ. ಇದು ಸರಿಯಾ?

ಉತ್ತರ (ವಕೀಲೆ): ಸರಿಯಲ್ಲ, ಆದರೆ ಅಲ್ಲಿ ಕಾನೂನೇ ಹಾಗಿದೆ. ಪೊಲೀಸರಿಗೆ 48 ಗಂಟೆ, ಪ್ರಾಸಿಕ್ಯೂಟರ್‌ಗೆ 24 ಗಂಟೆ. ಆಮೇಲೆ ಜಡ್ಜ್ 10 ದಿನ ಕೊಡುತ್ತಾರೆ, ಮತ್ತೆ 10 ದಿನ ವಿಸ್ತರಿಸಬಹುದು. ಒಟ್ಟು 23. ಚಾರ್ಜ್ ಹಾಕುವ ತನಕ ಬೇಲ್ ಕೇಳುವ ದಾರಿಯೇ ಇಲ್ಲ. ಇನ್ನೊಂದು ಆರೋಪದ ಮೇಲೆ ಮತ್ತೆ ಅರೆಸ್ಟ್ ಮಾಡಿದರೆ ಲೆಕ್ಕ ಮೊದಲಿಂದ ಶುರು. ಅಷ್ಟು ದಿನವೂ ಸಾಮಾನ್ಯವಾಗಿ ಠಾಣೆಯ ಲಾಕಪ್ಪಲ್ಲೇ ವಾಸ. ವಿಚಾರಣೆ ಮಾಡುವಾಗ ಪಕ್ಕದಲ್ಲಿ ವಕೀಲರು ಕೂರುವ ಹಕ್ಕಿಲ್ಲ. ಜಪಾನಿನ ವಕೀಲರೇ ಇದನ್ನು 'ಹಿತೋಜಿಚಿ ಶಿಹೋ' ಅನ್ನುತ್ತಾರೆ, ಅಂದರೆ ಒತ್ತೆಯಾಳು ನ್ಯಾಯ. ತಪ್ಪೊಪ್ಪಿಕೊಂಡವರು ಬೇಗ ಹೊರಗೆ ಬರುತ್ತಾರೆ, ಇಲ್ಲ ಅಂದವರು ಒಳಗೇ ಕೊಳೆಯುತ್ತಾರೆ.

ಸದಸ್ಯರೊಬ್ಬರು: ತಪ್ಪು ಮಾಡಿಲ್ಲ ಅಂದ್ರೆ ಹೆದರೋದ್ಯಾಕೆ ಮೇಡಂ?

ವಕೀಲೆ: ಯೊಕೊಹಾಮಾದ ಒಹ್ಕವಾರಾ ಕಕೋಕಿ ಕಂಪನಿಯವರು ಏನು ತಪ್ಪು ಮಾಡಿದ್ದರು? ಯಂತ್ರಗಳನ್ನು ಅಕ್ರಮವಾಗಿ ರಫ್ತು ಮಾಡಿದರು ಅಂತ 2020ರ ಮಾರ್ಚ್‌ನಲ್ಲಿ ಮೂವರನ್ನು ಹಿಡಿದರು. ಒಬ್ಬರಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ಬಂಧನದಲ್ಲಿದ್ದಾಗಲೇ ಗೊತ್ತಾಯಿತು. ಆದರೂ ಬೇಲ್ ಸಿಗಲಿಲ್ಲ. 2021ರ ಫೆಬ್ರವರಿಯಲ್ಲಿ ಆರೋಪಿಯಾಗಿಯೇ ತೀರಿಕೊಂಡರು. ಅದೇ ಜುಲೈನಲ್ಲಿ ಕೇಸ್ ವಾಪಸ್! ತನಿಖೆಯೇ ಕಾನೂನುಬಾಹಿರ ಅಂತ ಟೋಕಿಯೊ ಹೈಕೋರ್ಟ್ 2025ರಲ್ಲಿ ಹೇಳಿತು. ಅವರ ಮನೆಯವರಿಗೆ ಈಗ ಯಾರು ಏನು ಹೇಳಬೇಕು? ಕೊಲೆ ಆರೋಪ ಹೊತ್ತ ಇವಾವೊ ಹಕಮಾದಾ ಅವರದ್ದು ಇನ್ನೂ ಘೋರ. 1966ರಲ್ಲಿ ದಿನಗಟ್ಟಲೆ ವಿಚಾರಣೆ ಮಾಡಿ ತಪ್ಪೊಪ್ಪಿಗೆ ಬರೆಸಿಕೊಂಡರು, ಗಲ್ಲುಶಿಕ್ಷೆ ಆಯಿತು. ನಿರ್ದೋಷಿ ಅಂತ ತೀರ್ಪು ಬಂದಿದ್ದು 2024ರಲ್ಲಿ, ಅವರಿಗೆ 88 ವರ್ಷವಾದಾಗ.

ಪ್ರಶ್ನೆ ಕೇಳಿದವರು: ಈಗ ನಾವು ಏನು ಮಾಡಬಹುದು?

ವಕೀಲೆ: ತಮ್ಮ ಇವತ್ತೇ ಅಲ್ಲಿನ ವಕೀಲರ ಸಂಘಕ್ಕೆ ಫೋನ್ ಮಾಡಿ 'ತೋಬನ್ ಬೆಂಗೋಶಿ', ಅಂದರೆ ಸರದಿ ಮೇಲೆ ಬರುವ ವಕೀಲರು, ಬೇಕು ಅನ್ನಲಿ. ಮೊದಲ ಭೇಟಿ ಉಚಿತ. ಭೇಟಿ ನಿಷೇಧ ಇದ್ದರೂ ವಕೀಲರನ್ನು ತಡೆಯುವ ಹಾಗಿಲ್ಲ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲೂ ವಕೀಲರು ಸಿಗುತ್ತಾರೆ. ಭಾರತದ ರಾಯಭಾರ ಕಚೇರಿಗೂ ತಿಳಿಸಿ. ಎಲ್ಲಕ್ಕಿಂತ ಮುಖ್ಯ, ಹೇಳಿಕೆಯನ್ನು ಬರೆಯುವವರು ಪೊಲೀಸರು, ಅದೂ ಜಪಾನಿಯಲ್ಲಿ. ಅರ್ಥವಾಗದ ಕಾಗದಕ್ಕೆ ಸಹಿ ಬೇಡ. ಸಹಿ ಹಾಕಲ್ಲ ಅನ್ನುವುದು ಆ ರೂಮ್‌ಮೇಟ್‌ನ ಹಕ್ಕು, ಈ ಮಾತು ವಕೀಲರ ಮೂಲಕ ಅವನಿಗೆ ಮುಟ್ಟಲಿ. 12 ದಿನ ಅಂದಿರಿ, ಹಾಗಾದರೆ ಎರಡನೇ 10 ದಿನ ನಾಳೆ ನಾಡಿದ್ದರಲ್ಲಿ ಶುರು. ಅದನ್ನು ಪ್ರಶ್ನಿಸಬಹುದು. ರಾತ್ರಿಯಾದರೂ ಪರವಾಗಿಲ್ಲ, ಫೋನ್ ಮಾಡಿಸಿ.