ಮೂರು ಮನೆ ತಪ್ಪಿದ ಮನೆ

ಮರದ ಬುಡ ಒಂದು ಕಡೆ, ಮನೆಯ ಬುಡ ಇನ್ನೊಂದು ಕಡೆ. ನನ್ನ ಕ್ರಾಸ್ ಸ್ಟಿಚ್ ಕಸೂತಿಯ ಚಾರ್ಟಿನ ಪ್ರಕಾರ ಎರಡೂ ಒಂದೇ ಹುಲ್ಲಿನ ಸಾಲಿನ ಮೇಲೆ ನಿಲ್ಲಬೇಕಿತ್ತು. ನನ್ನ ಬಟ್ಟೆಯಲ್ಲಿ ಮಾತ್ರ ಮರ ನೆಲದ ಮೇಲೆ ನಿಂತಿತ್ತು, ಮನೆ ಗಾಳಿಯಲ್ಲಿ ತೇಲುತ್ತಿತ್ತು.

"ಮನೆ ಮೂರು ಮನೆ ಮೇಲಿದೆ," ಎಂದೆ ಅಳುವ ದನಿಯಲ್ಲಿ.

"ಮಾಳಿಗೆ ಕಟ್ಟಿಸಿದ್ದೀಯಾ?" ಎಂದ ಬಾಬಿನ್.

ಕ್ರಾಸ್ ಸ್ಟಿಚ್ ಮಾಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಇದಕ್ಕೆ ಬಳಸುವ ಐಡಾ ಬಟ್ಟೆಯ ನೇಯ್ಗೆಯೇ ಸಣ್ಣ ಸಣ್ಣ ಚೌಕಗಳಾಗಿ ಇರುತ್ತದೆ. ಚದುರಂಗದ ಮನೆಗಳ ಹಾಗೆ ನಾವು ಅದನ್ನೂ ಮನೆ ಎನ್ನುತ್ತೇವೆ. ಒಂದು ಮನೆಗೆ ಒಂದು ಗುಣಾಕಾರದ ಗುರುತು. ಕಸುಬು ಅಷ್ಟೇ. ಅದನ್ನೇ ಸಾವಿರಾರು ಸಲ ಮಾಡಬೇಕು ಮತ್ತು ಎಣಿಕೆ ತಪ್ಪಬಾರದು. ಮೊದಲನೆಯದು ನನಗೆ ಬರುತ್ತದೆ.

ನಮ್ಮ ಗುಂಪಿನಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿಲ್ಲ. ಏನು ಕಂಡರೂ ಟೇಪು ಹಿಡಿಯುವವರು ಇಂಚಕ್ಕ. ಅಳೆಯದೇ ಕತ್ತರಿಸುವವಳು ಕತ್ತರಿ. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ ಇರುವವಳು ಬಿಚ್ಚಮ್ಮ. ಹೊಲಿಗೆ ಸಾಲಿನ ಮಧ್ಯೆ ಒಂದು ಸೂಚನೆಯನ್ನೂ ಕೊಡದೆ ಖಾಲಿಯಾಗುವುದು ಬಾಬಿನ್ನಿನ, ಅಂದರೆ ಮಷಿನ್ನಿನ ಕೆಳಗಿನ ದಾರದ ಉರುಳೆಯ, ಗುಣ. ನಮ್ಮ ಗೆಳೆಯನೂ ಮಾತಿನ ನಡುವೆ ಹಾಗೇ ನಿದ್ದೆಗೆ ಜಾರುತ್ತಾನೆ. ನನ್ನನ್ನು ಗಂಟು ಎನ್ನುತ್ತಾರೆ. ಕಾರಣ ನನ್ನ ಕಸೂತಿಯ ಹಿಂಭಾಗ ನೋಡಿದವರಿಗೆ ಗೊತ್ತು.

"ಬಿಚ್ಚು," ಎಂದಳು ಬಿಚ್ಚಮ್ಮ. ಅವಳ ಕಣ್ಣು ಆಗಲೇ ಹೊಳೆಯುತ್ತಿತ್ತು.

"ಯಾಕೆ ಬಿಚ್ಚಬೇಕು? ಮನೆ ಕೆಳಗೆ ಮೂರು ಸಾಲು ಮೆಟ್ಟಿಲು ಹಾಕು. ಮುಗೀತು," ಎಂದಳು ಕತ್ತರಿ.

"ಮೊದಲು ಎಣಿಸೋಣ," ಎಂದರು ಇಂಚಕ್ಕ.

ಯಾರೂ ಅವರ ಮಾತು ಕೇಳಲಿಲ್ಲ. ಎಣಿಸೋಣ ಅನ್ನುವವರ ಮಾತು ಯಾವ ಹರಟೆಯಲ್ಲೂ ಗೆಲ್ಲುವುದಿಲ್ಲ.

"ಎಷ್ಟು ದೊಡ್ಡದು ಇದು?" ಎಂದು ಕೇಳಿದ ಬಾಬಿನ್. ಅವನು ಮಷಿನ್ ಹೊಲಿಗೆಯವನು, ಇಂಥ ಕೈಕೆಲಸ ಅವನಿಗೆ ದೂರದ ಊರು.

"ಅಗಲ 140 ಮನೆ, ಎತ್ತರ 98. ಬಟ್ಟೆ 14 ಕೌಂಟು. ಅಂದರೆ ಒಂದು ಇಂಚಿಗೆ 14 ಮನೆ. ಹಾಗಾಗಿ 10 ಇಂಚು, 7 ಇಂಚು," ಎಂದೆ.

ಇಂಚಕ್ಕ ಬಾಯಿಲೆಕ್ಕ ಹಾಕಿದರು. "ಪೂರ್ತಿ ತುಂಬಿದರೆ 13,720 ಹೊಲಿಗೆ. ಒಂದು ಹೊಲಿಗೆಗೆ ಸೂಜಿ ನಾಲ್ಕು ಸಲ ಬಟ್ಟೆ ದಾಟಬೇಕು. ಒಟ್ಟು 54,880 ಸಲ."

ಈ ಲೆಕ್ಕ ಕೇಳುವವರೆಗೂ ನಾನು ಸುಖವಾಗಿದ್ದೆ.

"ಇಷ್ಟೆಲ್ಲ ಮಾಡಿ ಒಂದು A4 ಹಾಳೆಗಿಂತ ಚಿಕ್ಕ ಚಿತ್ರ," ಎಂದ ಬಾಬಿನ್. "ಅಷ್ಟು ಹೊತ್ತಿನಲ್ಲಿ ನಾನು ಹತ್ತು ಪೈಜಾಮ ಹೊಲಿಯುತ್ತೇನೆ."

ಪೈಜಾಮ ಎಂಬ ಮಾತು ಅವನು ಎತ್ತಬಾರದಿತ್ತು. ಅವನ ಮೊದಲ ಪೈಜಾಮ ನಮ್ಮ ಗುಂಪಿನ ಆಸ್ತಿ. ಪೈಜಾಮ ಹೊಲಿಯಲು ಒಂದು ಕ್ರಮವಿದೆ. ಒಂದೊಂದು ಕಾಲಿನ ಮುಂದಿನ ತುಂಡನ್ನೂ ಹಿಂದಿನ ತುಂಡನ್ನೂ ಸೇರಿಸಿ ಮೊದಲು ಎರಡು ಕೊಳವೆ ಮಾಡಬೇಕು. ಆಮೇಲೆ ಒಂದು ಕೊಳವೆಯನ್ನು ಇನ್ನೊಂದರ ಒಳಗೆ ತೂರಿಸಿ ನಡುವೆ ಜೋಡಿಸಬೇಕು. ಇವನು ಮುಂದಿನ ತುಂಡು ಎರಡನ್ನೂ ಮೇಲಿಂದ ಕೆಳತನಕ ಹೊಲಿದ. ಹಿಂದಿನವನ್ನೂ ಹಾಗೇ ಹೊಲಿದ. ಆಮೇಲೆ ಎರಡು ಬದಿ ಮುಚ್ಚಿದ. ಲಾಡಿ ಕಟ್ಟುವ ಒಂದೇ ಒಂದು ಚೀಲ ತಯಾರಾಯಿತು.

"ಅದರಲ್ಲಿ ಜೇಬು ಮಾತ್ರ ಸೊಗಸಾಗಿ ಬಂದಿತ್ತು," ಎಂದ ಅವನು.

"ಬಂದಿತ್ತು. ಬಾಯಿ ಹೊಲಿದುಬಿಟ್ಟಿದ್ದೆ," ಎಂದಳು ಕತ್ತರಿ.

"ನಿನ್ನ ವೆಲ್ವೆಟ್ ಗೌನು ನೆನಪಿದೆಯಾ?" ಎಂದು ಅವನು ತಿರುಗಿಬಿದ್ದ.

ಕತ್ತರಿ ಸುಮ್ಮನಾದಳು. ವೆಲ್ವೆಟ್ಟಿಗೆ ಬೆಕ್ಕಿನ ಹಾಗೆ ಕೂದಲಿನ ದಿಕ್ಕಿದೆ. ಒಂದು ಕಡೆ ಸವರಿದರೆ ನುಣುಪು, ಇನ್ನೊಂದು ಕಡೆ ಸವರಿದರೆ ಒರಟು. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು. ಬಟ್ಟೆ ಉಳಿಸುವ ಆಸೆಗೆ ಅವಳು ಒಂದು ತುಂಡನ್ನು ತಲೆಕೆಳಗಾಗಿ ಇಟ್ಟಳು. ಗೌನಿನ ಎಡಭಾಗ ಕಡುಗೆಂಪು, ಬಲಭಾಗ ತಿಳಿಗೆಂಪು. ಬಟ್ಟೆ ಮಾತ್ರ ಒಂದೇ!

"ಅದು ಫ್ಯಾಷನ್ ಎಂದು ಹೇಳಿ ಹಾಕಿಕೊಂಡೆ," ಎಂದಳು. "ಯಾರಿಗೂ ಗೊತ್ತಾಗಲಿಲ್ಲ."

"ನೀನೇ ಎಲ್ಲರಿಗೂ ಹೇಳಿದೆ ಕಣೇ," ಎಂದಳು ಬಿಚ್ಚಮ್ಮ.

ಇದು ನಮ್ಮೆಲ್ಲರ ರೋಗ. ಯಾರಾದರೂ "ಅಬ್ಬಾ, ನೀವೇ ಹೊಲಿದಿರಾ? ಎಷ್ಟು ಚೆನ್ನಾಗಿದೆ" ಎಂದರೆ ಸಾಕು. ಥ್ಯಾಂಕ್ಸ್ ಹೇಳುವ ಮೊದಲೇ ನಮ್ಮ ಕೈ ತಪ್ಪಿನ ಕಡೆ ಹೋಗುತ್ತದೆ. "ಇಲ್ಲಿ ನೋಡಿ, ಕಾಲರ್ ಸ್ವಲ್ಪ ಸೊಟ್ಟ. ಇಲ್ಲಿ ಜಿಪ್ಪು ಅಲೆಅಲೆ." ಪಾಪ, ಅವರಿಗೆ ಕಾಣುತ್ತಲೇ ಇರಲಿಲ್ಲ. ಇನ್ನು ಮೇಲೆ ಅದೊಂದೇ ಕಾಣುತ್ತದೆ. ಅಂಗಡಿಯಲ್ಲಿ ಕೊಂಡ ಅಂಗಿಯ ಗುಂಡಿ ಎರಡನೇ ದಿನ ಉದುರಿದರೂ ಯಾರೂ ಹೀಗೆ ಊರಿಗೆಲ್ಲ ತೋರಿಸುತ್ತಾ ತಿರುಗುವುದಿಲ್ಲ.

ನನ್ನದೇ ಉದಾಹರಣೆ ಹೇಳುತ್ತೇನೆ. ಹೂವಿನ ಚಿತ್ತಾರದ ಹತ್ತಿ ಬಟ್ಟೆಯಲ್ಲಿ ಒಂದು ಫ್ರಾಕ್ ಹೊಲಿಯಲು ಕೂತೆ. ಈ ಸಲ ಎಲ್ಲ ಸರಿಯಾಗಿ ಮಾಡಬೇಕೆಂದು ಬಟ್ಟೆಯನ್ನು ಮೊದಲೇ ಒಗೆದೆ. ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಕುಗ್ಗುವುದಾದರೆ ಹೊಲಿಯುವ ಮೊದಲೇ ಕುಗ್ಗಲಿ. ಇಸ್ತ್ರಿ ಮಾಡಿದೆ. ಪ್ಯಾಟರ್ನಿನ, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಾಗದದ ಅಚ್ಚಿನ, ಬಾಣದ ಗುರುತನ್ನು ಬಟ್ಟೆಯ ಅಂಚಿಗೆ ಸಮನಾಗಿ, ಹಾಸಿನ ಎಳೆಯ ಉದ್ದಕ್ಕೇ ಇಟ್ಟೆ. ಅದು ಓರೆಯಾದರೆ ಫ್ರಾಕ್ ಮೈಮೇಲೆ ತಿರುಚಿಕೊಳ್ಳುತ್ತದೆ. ಸುತ್ತಲೂ ಒಂದೂವರೆ ಸೆಂಟಿಮೀಟರ್ ಮಾರ್ಜಿನ್ ಇತ್ತು. ಒಂದು ತೋಳು ಕತ್ತರಿಸಿದೆ. ಅದೇ ಕಾಗದವನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ತೋಳು ಕತ್ತರಿಸಿದೆ. ಎಂಥ ಅಚ್ಚುಕಟ್ಟು ಅಂತೀರಿ!

ಎರಡೂ ಎಡಗೈ ತೋಳು.

ಬಟ್ಟೆ ಮಡಚಿ ಕತ್ತರಿಸಿದರೆ ಎಡ ಬಲ ತಾನಾಗಿ ಬರುತ್ತದೆ. ಒಂಟಿ ಪದರದಲ್ಲಿ ಕತ್ತರಿಸುವಾಗ ಎರಡನೇ ಸಲ ಕಾಗದವನ್ನು ಮಗುಚಬೇಕು. ನಾನು ಸರಿಸಿದೆ, ಮಗುಚಲಿಲ್ಲ.

"ತೋಳಿಗೂ ಎಡ ಬಲ ಇದೆಯಾ?" ಎಂದ ಬಾಬಿನ್. ಹತ್ತು ಪೈಜಾಮ ಹೊಲಿಯುವವನ ಪ್ರಶ್ನೆ ಇದು.

"ಇದೆ ಕಣೋ. ತೋಳಿನ ತಲೆಭಾಗ ಮುಂದೆ ಒಂದು ಆಕಾರ, ಹಿಂದೆ ಒಂದು ಆಕಾರ. ಕೈ ಮುಂದಕ್ಕೆ ಚಾಚುತ್ತದಲ್ವಾ, ಹಿಂದುಗಡೆ ಬಟ್ಟೆ ಹೆಚ್ಚು ಬೇಕು. ಅದಕ್ಕೇ ಪ್ಯಾಟರ್ನಿನಲ್ಲಿ ಮುಂದೆ ಒಂದು ಕಚ್ಚು, ಹಿಂದೆ ಎರಡು ಕಚ್ಚು ಗುರುತು ಹಾಕಿರುತ್ತಾರೆ," ಎಂದರು ಇಂಚಕ್ಕ.

"ತಿರುವಿ ಹಾಕಬಹುದಿತ್ತಲ್ಲ?"

ಹಾಕಿದೆ. ಬಟ್ಟೆಯ ಒಳಮೈ ಹೊರಗೆ ಬಂತು. ಒಂದು ತೋಳಿನಲ್ಲಿ ಹೂವು ಅರಳಿತ್ತು, ಇನ್ನೊಂದರಲ್ಲಿ ಬಾಡಿತ್ತು. ಕೊನೆಗೆ ಎರಡನ್ನೂ ಕಿತ್ತು ತೋಳಿಲ್ಲದ ಫ್ರಾಕ್ ಮಾಡಿದೆ. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನಾನು ಪ್ರತಿಯೊಬ್ಬರಿಗೂ ಒಳಗಿನಿಂದ ಎರಡು ಎಡ ತೋಳು ತಂದು ತೋರಿಸಿದೆ.

"ಅದಕ್ಕೇ ನಾನು ಮೊದಲು ಹಳೆಯ ಬಟ್ಟೆಯಲ್ಲಿ ಒಂದು ಹೊಲಿದು ನೋಡುವುದು," ಎಂದರು ಇಂಚಕ್ಕ.

ಅವರು ಹೇಳುವುದರಲ್ಲಿ ತಪ್ಪಿಲ್ಲ. ಪ್ಯಾಟರ್ನಿನ ಸೈಜು ನಂಬರೂ ಅಂಗಡಿ ಬಟ್ಟೆಯ ಸೈಜು ನಂಬರೂ ಒಂದೇ ಅಲ್ಲ. ನಂಬರು ನಂಬಿ ಕತ್ತರಿಸಿದರೆ ಒಳಗೆ ಹೋದ ಕೈ ಹೊರಗೆ ಬರುವುದಿಲ್ಲ. ಮೈ ಅಳತೆ ತೆಗೆದು ಪಟ್ಟಿಯಲ್ಲಿ ನೋಡಬೇಕು. ಹಳೆಯ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಪಿನ್ನು ಚುಚ್ಚಿ, ಬಟ್ಟೆ ಮೈಗೆ ಕೂರಲೆಂದು ಹಾಕುವ ಚೂಪು ಮಡಿಕೆಯನ್ನು, ಅಂದರೆ ಡಾರ್ಟನ್ನು, ಮೇಲೆ ಕೆಳಗೆ ಮಾಡಿ ನೋಡಬೇಕು. ಇಂಚಕ್ಕ ಮೊಮ್ಮಗಳಿಗೆ ಹೀಗೆ ಮೂರು ಪ್ರಯೋಗದ ಫ್ರಾಕ್ ಹೊಲಿದರು. ನಾಲ್ಕನೆಯದು, ಅಸಲಿಯದು, ಮುಗಿಯುವಷ್ಟರಲ್ಲಿ ಹುಡುಗಿ ಎರಡು ಇಂಚು ಬೆಳೆದಿದ್ದಳು.

"ಅಳೆಯುತ್ತಾ ಕೂತರೆ ಹೀಗೇ," ಎಂದಳು ಕತ್ತರಿ. "ಪ್ಯಾಟರ್ನೇ ಬೇಡ. ಹಳೆಯ ಅಂಗಿ ಮೇಲಿಟ್ಟು ಸುತ್ತಲೂ ಕತ್ತರಿಸು."

"ಆ ಕಾಗದ ಸಿಗುವುದೇ ಪುಣ್ಯ ಕಣೇ," ಎಂದರು ಇಂಚಕ್ಕ. " ಎಬೆನೀಜರ್ ಬಟರಿಕ್ ಎಂಬ ಅಮೆರಿಕದ ಟೈಲರ್ 1863ರಲ್ಲಿ ಸೈಜುವಾರು ಕಾಗದದ ಪ್ಯಾಟರ್ನ್ ಮಾರಲು ಶುರುಮಾಡಿದ. ಅದಕ್ಕೂ ಮೊದಲು ಪ್ಯಾಟರ್ನ್ ಸಿಕ್ಕರೂ ಒಂದೇ ಸೈಜು. ನಿನ್ನ ಮೈಗೆ ನೀನೇ ಹಿಗ್ಗಿಸಿಕೋ, ಕುಗ್ಗಿಸಿಕೋ."

"ನನ್ನ ಮೈ ನಾನು ಹಿಗ್ಗಿಸಿಕೊಂಡಿದ್ದೇನೆ," ಎಂದ ಬಾಬಿನ್ ಹೊಟ್ಟೆ ಸವರುತ್ತಾ. "ನನ್ನ ಕಷ್ಟ ಮಷಿನ್ನಿನದು. ಮೇಲೆ ಹೊಲಿಗೆ ಮುತ್ತಿನ ಹಾಗೆ, ಕೆಳಗೆ ಹಕ್ಕಿಗೂಡು. ಬಾಬಿನ್ ಸರಿಯಿಲ್ಲ ಅಂತ ಮೂರು ಸಲ ಬದಲಾಯಿಸಿದೆ."

ಹೊಲಿಯಲು ಬಾರದವನು ಮಷಿನ್ನು ಡೊಂಕು ಎಂದನಂತೆ. ಆದರೆ ಈ ಹಕ್ಕಿಗೂಡು ನಮ್ಮೆಲ್ಲರ ಮನೆಯಲ್ಲೂ ಮೊಟ್ಟೆ ಇಟ್ಟಿದೆ. ಗಲೀಜು ಕೆಳಗೆ ಕಂಡರೂ ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ಬಟ್ಟೆ ಒತ್ತಿಹಿಡಿಯುವ ಫೂಟ್ ಕೆಳಗಿಳಿಸಿ ದಾರ ಪೋಣಿಸಿದರೆ, ದಾರ ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ಬಿಗಿಯಾಗಿ ಮುಚ್ಚಿರುತ್ತವೆ. ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಹಿಡಿತವಿಲ್ಲದ ದಾರ ಕೆಳಗೆ ಹೋಗಿ ರಾಶಿ ಬೀಳುತ್ತದೆ. ಫೂಟ್ ಎತ್ತಿ ಪೋಣಿಸಿದರೆ ಬಹುಪಾಲು ಸಲ ರೋಗ ವಾಸಿ.

"ಅಷ್ಟೇನಾ?" ಎಂದ ಬಾಬಿನ್.

"ಅಷ್ಟೇ. ಸೂಜಿ ಯಾವಾಗ ಬದಲಾಯಿಸಿದೆ?"

"ಸೂಜಿ ಬದಲಾಯಿಸಬೇಕಾ?"

ಇಂಚಕ್ಕ ಕಣ್ಣು ಮುಚ್ಚಿಕೊಂಡರು.

"ಪ್ಯಾರಿಸ್ಸಿನ ಟೈಲರ್‌ಗಳೇ ಸರಿ," ಎಂದ ಅವನು ಅವಮಾನ ಮುಚ್ಚಿಕೊಳ್ಳಲು. "ತಿಮೊನಿಯೆ ಎಂಬುವನು ಹೊಲಿಗೆ ಮಷಿನ್ ಮಾಡಿ 80 ಇಟ್ಟು ಸೈನಿಕರ ಬಟ್ಟೆ ಹೊಲಿಸುತ್ತಿದ್ದ. 1831ರಲ್ಲಿ ಟೈಲರ್‌ಗಳು ನುಗ್ಗಿ ಎಲ್ಲ ಒಡೆದುಹಾಕಿದರು. ಹೊಟ್ಟೆಪಾಡು ಹೋಗುತ್ತದೆ ಎಂಬ ಭಯಕ್ಕೆ ಅಂತಾರೆ. ನನಗೆ ಕೆಳಗೆ ಹಕ್ಕಿಗೂಡು ಬಂದಿರಬೇಕು ಎಂದೇ ಅನುಮಾನ."

ನಾನು ನನ್ನ ತೇಲುವ ಮನೆಯನ್ನು ಮತ್ತೆ ಮುಂದೆ ಮಾಡಿದೆ. ಇಷ್ಟು ಹೊತ್ತು ನನ್ನ ದುಃಖ ಬಿಟ್ಟು ಊರಿನ ದುಃಖವೆಲ್ಲ ಆಗಿತ್ತು. ಬಟ್ಟೆ ಬಿಚ್ಚಮ್ಮನ ಮಡಿಲಲ್ಲಿತ್ತು. ಒಂದು ತುದಿ ಇಂಚಕ್ಕನ ಕೈಯಲ್ಲಿ.

ಇಂಚಕ್ಕ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರು. "ಇಲ್ಲಿ ಮೂರು ಹೊಲಿಗೆ ಉಲ್ಟಾ ಇವೆ."

"ಎಲ್ಲಿ?"

"ಚಾವಣಿಯಲ್ಲಿ. ಮೇಲಿನ ಎಳೆ ಎಲ್ಲ ಒಂದೇ ಕಡೆ ಓರೆ ಇರಬೇಕು. ಇವು ಮೂರು ಬೇರೆ ಕಡೆ ವಾಲಿವೆ. ಬೆಳಕು ಬೇರೆ ಥರ ಬೀಳುತ್ತದೆ." ಬಟ್ಟೆ ಮಗುಚಿದರು. "ಮತ್ತೆ ಗಂಟು! ಎರಡು ಎಳೆಯಲ್ಲಿ ಹೊಲಿಯುವಾಗ ಗಂಟು ಯಾಕೆ? ಲಡಿಯಲ್ಲಿ ಆರು ಎಳೆ ಇರುತ್ತದೆ. ಒಂದು ಉದ್ದ ಎಳೆ ತೆಗೆದು ನಡುವೆ ಮಡಚು. ಎರಡು ತುದಿಯನ್ನೂ ಸೂಜಿಕಣ್ಣಿಗೆ ಪೋಣಿಸು. ಕೆಳಗೆ ಕುಣಿಕೆ ಉಳಿಯುತ್ತದೆ. ಮೊದಲ ಹೊಲಿಗೆ ಹಾಕಿ ಸೂಜಿಯನ್ನು ಆ ಕುಣಿಕೆಯಲ್ಲಿ ತೂರಿಸಿದರೆ ತಾನೇ ಕಚ್ಚಿಕೊಳ್ಳುತ್ತದೆ. ಗಂಟು ಇದ್ದರೆ ಫ್ರೇಮ್ ಹಾಕಿದಾಗ ಮುಂದೆ ಗುಬುಟು ಕಾಣುತ್ತದೆ."

"ಹಿಂಭಾಗ ಯಾರು ನೋಡುತ್ತಾರೆ?" ಎಂದಳು ಕತ್ತರಿ.

"ನೀವೆಲ್ಲ," ಎಂದೆ.

ನಿಜ. ಕಸೂತಿ ಮಾಡದವರು ಚಿತ್ರ ನೋಡುತ್ತಾರೆ. ಮಾಡುವವರು ಮೊದಲು ಮಗುಚುತ್ತಾರೆ.

"ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಒಂದು ಕಸೂತಿ ಮಾದರಿ ಬಟ್ಟೆ ಇದೆ," ಎಂದಳು ಬಿಚ್ಚಮ್ಮ, ತಲೆ ಎತ್ತದೆ. "ಜೇನ್ ಬೋಸ್ಟಾಕ್ ಎಂಬುವಳದು. ಹೆಸರು ಹಾಕಿ, 1598 ಎಂದು ವರ್ಷವನ್ನೂ ಹೊಲಿದಿದ್ದಾಳೆ. ವರ್ಷ ಹಾಕಿರುವ ಬ್ರಿಟನ್ನಿನ ಮಾದರಿಗಳಲ್ಲಿ ಅದೇ ಅತಿ ಹಳೆಯದು. ಅದರಲ್ಲಿ ಒಂದು ಕಡೆ ಆನೆ ಇತ್ತು."

"ಇತ್ತು ಅಂದರೆ?"

"ಬಿಚ್ಚಿದ್ದಾರೆ. ಸೂಜಿ ಚುಚ್ಚಿದ ಗುರುತು ಈಗಲೂ ಕಾಣುತ್ತದೆ." ಅವಳ ಮುಖದಲ್ಲಿ ಮನೆತನದ ಹೆಮ್ಮೆ ಇತ್ತು.

"ನಾನೂರು ವರ್ಷವಾದರೂ ಬಿಚ್ಚಿದ್ದು ಗೊತ್ತಾಗುತ್ತದೆ ಎಂದರೆ ಬಿಚ್ಚುವುದೇ ವೇಸ್ಟು," ಎಂದಳು ಕತ್ತರಿ. "ಆನೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು."

ಬಾಬಿನ್ ಆಗಲೇ ನಿದ್ದೆ ಹೋಗಿದ್ದ. ಇಂಚಕ್ಕ ಕನ್ನಡಕ ಏರಿಸಿ, ಚಾರ್ಟ್ ಪಕ್ಕಕ್ಕಿಟ್ಟುಕೊಂಡು, ಸೂಜಿಮೊನೆಯಿಂದ ಎಣಿಸತೊಡಗಿದರು. ನಾವು ಸುಮ್ಮನಾದೆವು. ಇನ್ನೊಬ್ಬರು ಎಣಿಸುವಾಗ ಮಾತಾಡುವುದು ನಮ್ಮಲ್ಲಿ ಮಹಾಪಾಪ.

"ಮನೆಯ ಜಾಗ ಹೇಗೆ ಹುಡುಕಿದೆ?"

"ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನಡು ಗುರುತಿಸಿದ್ದೆ. ಅಲ್ಲಿಂದ ಎಣಿಸಿದೆ."

"ಮರ?"

"ಮರ ಮೇಲಿನಿಂದ ಸೀದಾ ಇಳಿಸಿಕೊಂಡು ಬಂದೆ. ಅದರಲ್ಲಿ ತಪ್ಪಾಗುವುದೇನು?"

"ಕಾಂಡ ಚಾರ್ಟಿನಲ್ಲಿ 22 ಮನೆ. ನಿನ್ನದು 25."

ಕತ್ತರಿ ಬಗ್ಗಿದಳು. ನಾನೂ ಬಗ್ಗಿದೆ.

"ಚಾರ್ಟ್ ಎರಡು ಪುಟ ಇದೆ ಅಲ್ವಾ," ಎಂದರು ಇಂಚಕ್ಕ. "ಎರಡನೇ ಪುಟದ ತಲೆಯಲ್ಲಿ ಮೂರು ಸಾಲು ಬೂದು ಬಣ್ಣದಲ್ಲಿದೆ ನೋಡು. ಅದು ಮೊದಲ ಪುಟದ ಕೊನೆಯ ಮೂರು ಸಾಲು. ಪುಟ ಜೋಡಿಸಲು ಸುಲಭವಾಗಲಿ ಎಂದು ಮತ್ತೆ ಅಚ್ಚು ಮಾಡಿರುತ್ತಾರೆ. ಹೊಲಿಯಲಿಕ್ಕಲ್ಲ. ನೀನು ಎರಡು ಸಲ ಹೊಲಿದಿದ್ದೀಯ."

"ಹಾಗಾದರೆ ಮನೆ?"

"ಮನೆ ಸರಿಯಾದ ಜಾಗದಲ್ಲೇ ಇದೆ. ಮರ ಮೂರು ಮನೆ ಉದ್ದ, ಅಷ್ಟೇ."

ಎಂಥ ನೆಮ್ಮದಿ! ಮರ ಉದ್ದವಾದರೆ ಬುಡ ಹುಲ್ಲಿನಲ್ಲಿ ಮುಚ್ಚಿಹೋಗುತ್ತದೆ. ಮನೆ ಗಟ್ಟಿಯಾಗಿ ನಿಂತಿದೆ. ಒಂದು ಹೊಲಿಗೆಯನ್ನೂ ಬಿಚ್ಚಬೇಕಾಗಿಲ್ಲ. ನಾನು ಇಂಚಕ್ಕನ ಕೈ ಹಿಡಿದುಕೊಂಡೆ.

ಆಗ ಬಿಚ್ಚಮ್ಮ ನಿಧಾನವಾಗಿ ತಲೆ ಎತ್ತಿದಳು. ಅವಳ ಮಡಿಲಲ್ಲಿ ಕಂದು ದಾರದ ಪುಟ್ಟ ಗುಡ್ಡೆ ಇತ್ತು.

"ಬಿಚ್ಚು ಅಂತ ನಾನು ಹೇಳಿದೆ, ನೀವು ಯಾರೂ ಬೇಡ ಅನ್ನಲಿಲ್ಲ," ಎಂದಳು.

ಮನೆಗೆ ಬಾಗಿಲಿರಲಿಲ್ಲ. 9 ಅಡ್ಡ, 15 ಉದ್ದ, ಒಟ್ಟು 135 ಹೊಲಿಗೆ. ಜಾಗ ಎಷ್ಟು ಅಚ್ಚುಕಟ್ಟಾಗಿ ಖಾಲಿಯಾಗಿತ್ತು ಎಂದರೆ ಹೊಗಳಬೇಕೋ ಬೈಯಬೇಕೋ ಗೊತ್ತಾಗಲಿಲ್ಲ.

"ಮತ್ತೆ ಹಾಕಿದರಾಯಿತು," ಎಂದರು ಇಂಚಕ್ಕ. "ಆ ಕಂದು ಬಣ್ಣದ ನಂಬರ್ ಎಷ್ಟು?"

ನಾನು ಕತ್ತರಿಯ ಮುಖ ನೋಡಿದೆ. ಆ ಬಣ್ಣ ಮುಗಿದಿತ್ತೆಂದು ಅವಳ ಹತ್ತಿರ ಉಳಿದ ದಾರ ಇಸಿದುಕೊಂಡಿದ್ದೆ. ಲಡಿಯ ಮೇಲಿನ ಪಟ್ಟಿಯಲ್ಲೇ ನಂಬರ್ ಇರುತ್ತದೆ. ಪಟ್ಟಿ ಕಂಡರೆ ಕತ್ತರಿಸಿ ಎಸೆಯುವುದು ಅವಳ ಅಭ್ಯಾಸ.

"310 ಅಂತೂ ಅಲ್ಲ, ಅದು ಕಪ್ಪು," ಎಂದಳು ಕತ್ತರಿ. ಆಮೇಲೆ ಸ್ವಲ್ಪ ಯೋಚಿಸಿ, "ಅಲ್ಲ ಕಣೇ, ಆ ಮನೆಗೆ ಬಾಗಿಲು ಬೇಕೇ ಬೇಕಾ? ಕಿಟಕಿ ಎರಡಿವೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರಲಿ."

ಬಾಬಿನ್‌ಗೆ ಎಚ್ಚರವಾಯಿತು. ಬಟ್ಟೆಯನ್ನು ಒಂದು ಸಲ ನೋಡಿ, "ಜೇಬಿನ ಬಾಯಿ ಹೊಲಿದವನು ನಾನೊಬ್ಬನೇ ಅಲ್ಲ ಹಾಗಾದರೆ," ಎಂದು ಮತ್ತೆ ಮಲಗಿದ.