ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಸೇರಬೇಕೆಂದವರು ಆನ್‌ಲೈನ್ ಗುಂಪಿನಲ್ಲಿ ಕೇಳಿದ ಪ್ರಶ್ನೆಗಳು, ವಿಜಯಪುರದ ಆರ್ಕಿಟೆಕ್ಟ್ ಒಬ್ಬರ ಉತ್ತರಗಳು

ಪ್ರಶ್ನೆ (ಜಮಖಂಡಿಯಿಂದ ಒಬ್ಬ ತಂದೆ): ಮೇಡಂ, ನಮಸ್ಕಾರ. ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಬಿ.ಆರ್ಕ್ ಮಾಡ್ತೀನಿ ಅಂತ ಹಟ ಹಿಡಿದಾಳ. ಸಿಇಟಿ ಬರೀಬೇಕಾ, ನಾಟಾ ಬರೀಬೇಕಾ, ಎರಡೂ ಬೇಕಾ ಅನ್ನೋದೇ ತಿಳೀವಲ್ದು. ಎರಡು ತಿಂಗಳು ಕಾಲೇಜ್ ಬಿಡಿಸಿ ಬೆಂಗಳೂರಿನಾಗ ನಾಟಾ ಕೋಚಿಂಗ್‌ಗೆ ಹಾಕ್ರಿ ಅಂತ ಪರಿಚಯದವರು ಹೇಳ್ಯಾರ. ಹಾಕಬೇಕಾ?

ಉತ್ತರ: ನಮಸ್ಕಾರ ಸರ್. ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕಾಲೇಜು ಬಿಡಿಸಬೇಡಿ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟು ಕೊಡುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಆರ್ಕಿಟೆಕ್ಚರ್ ರ‍್ಯಾಂಕ್‌ಗೆ ಸಿಇಟಿ ಅಂಕ ಲೆಕ್ಕಕ್ಕೆ ಬರುವುದಿಲ್ಲ. ನಾಟಾ ಅಂದರೆ ಆರ್ಕಿಟೆಕ್ಚರ್‌ಗೆಂದೇ ದೇಶಮಟ್ಟದಲ್ಲಿ ನಡೆಯುವ ಪ್ರವೇಶ ಪರೀಕ್ಷೆ. ಅದರ ಅಂಕಕ್ಕೆ ಅರ್ಧ, ಪಿಯುಸಿ ಅಂಕಕ್ಕೆ ಅರ್ಧ ತೂಕ. ಈ ಅರ್ಧ ಪಿಯುಸಿಯನ್ನೇ ಎಷ್ಟೋ ಮನೆಗಳಲ್ಲಿ ಮರೆತುಬಿಡುತ್ತಾರೆ. ಒಂದು ಉದಾಹರಣೆ ನೋಡಿ. ಒಬ್ಬಳಿಗೆ ಪಿಯುಸಿಯಲ್ಲಿ ಶೇ. 85, ನಾಟಾದಲ್ಲಿ 200ಕ್ಕೆ 110 ಬಂತು ಅನ್ನಿ. 42.5 ಮತ್ತು 27.5 ಸೇರಿ 70 ಆಯಿತು. ಇನ್ನೊಬ್ಬ ಕೋಚಿಂಗ್‌ಗೆ ಹೋಗಿ ನಾಟಾದಲ್ಲಿ 130 ತೆಗೆದ, ಆದರೆ ಪಿಯುಸಿ ಶೇ. 70ಕ್ಕೆ ನಿಂತಿತು. 32.5 ಮತ್ತು 35, ಒಟ್ಟು 67.5. ನಾಟಾದಲ್ಲಿ 20 ಅಂಕ ಮುಂದಿದ್ದರೂ ಅವನು ಹಿಂದೆ ಬಿದ್ದ. ಅದಕ್ಕೇ ಹೇಳಿದ್ದು, ಫಿಸಿಕ್ಸ್ ಲ್ಯಾಬ್ ಬಿಟ್ಟು ಬೆಂಗಳೂರಿಗೆ ಓಡುವುದು ನಷ್ಟದ ವ್ಯಾಪಾರ.

ಅರ್ಹತೆ ವಿಷಯ. ನಿಯಮ ಮಾಡುವುದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಕೆಳಗೆ ಬಂದ ಸಂಸ್ಥೆ ಅದು. ಮೊದಲು ಪಿಸಿಎಂ ಮೂರೂ ಬೇಕು, ಶೇ. 50 ಬೇಕು ಅಂತ ಇತ್ತು. ಈಗ ಸಡಿಲ ಮಾಡಿದ್ದಾರೆ. ಫಿಸಿಕ್ಸ್, ಮ್ಯಾಥ್ಸ್ ಎರಡೂ ಕಡ್ಡಾಯ. ಮೂರನೆಯದು ಕೆಮಿಸ್ಟ್ರಿ, ಬಯಾಲಜಿ, ಕಂಪ್ಯೂಟರ್ ಸೈನ್ಸ್ ಇಂಥವುಗಳಲ್ಲಿ ಒಂದು ಇದ್ದರೆ ಆಯಿತು. ಒಟ್ಟು ಶೇ. 45 ಅಂಕ ಬೇಕು. ನಿಮ್ಮ ಮಗಳಿಗೆ ಇದರಲ್ಲಿ ಏನೂ ತೊಡಕಿಲ್ಲ.

ಸಿಇಟಿ ಪರೀಕ್ಷೆ ಬರೆಯದಿದ್ದರೂ ನಡೆಯುತ್ತದೆ. ಆದರೆ ಕೆಇಎ ಅರ್ಜಿ ತುಂಬಲೇಬೇಕು. "ಸಿಇಟಿ ಬೇಡ ಅಂದ್ರಲ್ಲ" ಅಂತ ಅರ್ಜಿಯನ್ನೇ ಹಾಕದೆ ಕೂತು, ಜೂನ್‌ನಲ್ಲಿ ನಾಟಾ ಸ್ಕೋರ್ ಹಿಡಿದುಕೊಂಡು ಬರುವವರು ಪ್ರತಿ ವರ್ಷ ಸಿಗುತ್ತಾರೆ. ಅಷ್ಟೊತ್ತಿಗೆ ಗೇಟು ಹಾಕಿರುತ್ತದೆ. ಅರ್ಜಿ ತುಂಬುವಾಗ ಆರ್ಕಿಟೆಕ್ಚರ್ ಟಿಕ್ ಮಾಡಿ, ನಾಟಾ ಅಂಕ ಬಂದ ಮೇಲೆ ಕೆಇಎ ಪೋರ್ಟಲ್‌ನಲ್ಲಿ ಹಾಕಿ. ಎಂಜಿನಿಯರಿಂಗ್ ಆಸೆಯೂ ಇದ್ದರೆ ಸಿಇಟಿ ಬರೆಯಲಿ, ಅದು ಬೇರೆ ಮಾತು.

ಅದೇ ತಂದೆ: ಭಾಳ ಉಪಕಾರ ಆತ್ರಿ ಮೇಡಂ. ಕೋಚಿಂಗ್ ಬ್ಯಾಡ ಅಂದ್ರ ಡ್ರಾಯಿಂಗ್ ಯಾರು ಹೇಳಿಕೊಡಬೇಕು? ಅಕಿ ಮುಖದ ಚಿತ್ರ ಛಲೋ ತಗೀತಾಳ, ಫೋಟೋ ನೋಡಿ ಹಂಗ ಇಳಿಸ್ತಾಳ.

ಉತ್ತರ: ಫೋಟೋ ನೋಡಿ ಮುಖ ಬಿಡಿಸುವುದು ಒಳ್ಳೆಯ ಹವ್ಯಾಸ ಸರ್, ಆದರೆ ನಾಟಾ ಕೇಳುವುದು ಅದನ್ನಲ್ಲ. ಪರೀಕ್ಷೆಯಲ್ಲಿ ಫೋಟೋ ಇರುವುದಿಲ್ಲ. ಒಂದು ಸನ್ನಿವೇಶ ಕೊಟ್ಟು, ಮನಸ್ಸಿನಲ್ಲಿ ಕಂಡಿದ್ದನ್ನು ಬಿಡಿಸು ಅನ್ನುತ್ತಾರೆ.

2025ರ ಮಾದರಿಯಲ್ಲಿ ಎ ಭಾಗ 80 ಅಂಕ, ಕಾಗದದ ಮೇಲೆ. ಅದರಲ್ಲಿ ಬಣ್ಣದ ಸಂಯೋಜನೆ 25, ಕಪ್ಪು-ಬಿಳುಪು ಸ್ಕೆಚ್ 25, ಮತ್ತು ಅಲ್ಲೇ ಕೊಡುವ ಸಾಮಾನು ಬಳಸಿ ಕೈಯಾರೆ ಮಾಡುವ ಸಣ್ಣ ತ್ರೀ-ಡಿ ರಚನೆ 30. ಬಿ ಭಾಗ ಕಂಪ್ಯೂಟರ್ ಮೇಲೆ, 120 ಅಂಕ. ತರ್ಕ, ಆಕಾರ ತಿರುಗಿಸಿ ಗುರುತಿಸುವುದು, ಸ್ವಲ್ಪ ಗಣಿತ, ಕಟ್ಟಡಗಳ ಬಗ್ಗೆ ಸಾಮಾನ್ಯ ತಿಳಿವಳಿಕೆ. ಪ್ರತಿ ಭಾಗಕ್ಕೆ ಒಂದೂವರೆ ಗಂಟೆ.

ಈಗ ನಾನು ಮಕ್ಕಳಿಗೆ ಕೊಡುವ ಒಂದು ಅಭ್ಯಾಸ ಹೇಳುತ್ತೇನೆ. "ನೀನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೀಯ, ಎದುರಿಗೆ ಕಾಣುವುದನ್ನು ಬಿಡಿಸು." ಹೆಚ್ಚಿನವರು ಏನು ಮಾಡುತ್ತಾರೆ ಗೊತ್ತಾ? ಬಸ್ಸನ್ನು ಪಕ್ಕದಿಂದ ಬಿಡಿಸುತ್ತಾರೆ, ಆಟಿಕೆ ಬಸ್ ಥರ. ಮೇಲೆ ಸೂರ್ಯ, ಹಿಂದೆ ಎರಡು ಗುಡ್ಡ. ಕೂತವನ ಕಣ್ಣಿನ ಮಟ್ಟ ಎಲ್ಲಿದೆ ಅನ್ನುವ ಯೋಚನೆಯೇ ಇರುವುದಿಲ್ಲ. ನಿಜವಾಗಿ ಕೂತು ನೋಡಿ. ನಿಂತವರ ತಲೆಗಳೆಲ್ಲ ನಿಮ್ಮ ಕಣ್ಣಿಗಿಂತ ಮೇಲಿರುತ್ತವೆ. ಹತ್ತಿರ ಇಟ್ಟ ಜೋಳದ ಚೀಲ ದೂರದ ಬಸ್ಸಿಗಿಂತ ದೊಡ್ಡದಾಗಿ ಕಾಣುತ್ತದೆ. ಚಾವಣಿಯ ತೊಲೆಗಳು ದೂರ ಹೋದಂತೆ ಕೆಳಗಿಳಿದು ಒಂದು ಕಡೆ ಕೂಡುತ್ತವೆ. ಈ ಮೂರು ಸಂಗತಿ ಚಿತ್ರದಲ್ಲಿ ಬಂದರೆ ಗೆರೆ ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ.

ಇದಕ್ಕೆ ಬೆಂಗಳೂರು ಬೇಕಾ? ನಿಮ್ಮ ಊರಿನ ಸಂತೆಗೆ ಒಂದು ಸ್ಕೆಚ್ ಪುಸ್ತಕ ಹಿಡಿದುಕೊಂಡು ಹೋಗಲಿ. ವಿಜಯಪುರಕ್ಕೆ ಬಂದರೆ ಗೋಳಗುಮ್ಮಟದ ಹುಲ್ಲಿನ ಮೇಲೆ ಕೂತು ಒಂದು ಮೂಲೆಯ ಏಳಂತಸ್ತಿನ ಮಿನಾರು ಬಿಡಿಸಲಿ. ಪಕ್ಕದಲ್ಲಿ ಒಬ್ಬ ಮನುಷ್ಯನನ್ನೂ ಬಿಡಿಸಬೇಕು, ಇಲ್ಲದಿದ್ದರೆ ಅದರ ಎತ್ತರ ಗೊತ್ತಾಗುವುದೇ ಇಲ್ಲ. ಒಳಗೆ ಹೋಗಿ ತಲೆ ಎತ್ತಿ, ಚೌಕದ ಗೋಡೆಗಳ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿದೆ ಅಂತ ನೋಡಲಿ. ಒಂದನ್ನೊಂದು ದಾಟುವ ಕಮಾನುಗಳು ಚೌಕವನ್ನು ಮೊದಲು ಎಂಟು ಮೂಲೆ ಮಾಡಿ, ಆಮೇಲೆ ದುಂಡಗೆ ತರುತ್ತವೆ. ಅದನ್ನು ನೋಡಿ ಗೆರೆಯಲ್ಲಿ ಹಿಡಿಯಲು ಬಂದವಳಿಗೆ ಬಿ ಭಾಗದ ಆಕಾರದ ಪ್ರಶ್ನೆಗಳು ಕಷ್ಟ ಆಗುವುದಿಲ್ಲ. ಬಿ ಭಾಗದ ಹಳೆಯ ಪ್ರಶ್ನೆಗಳನ್ನು ಮನೆಯಲ್ಲೇ ಬಿಡಿಸಬಹುದು. ತೀರಾ ಬೇಕೆನಿಸಿದರೆ ಪಿಯು ಪರೀಕ್ಷೆ ಮುಗಿದ ಮೇಲೆ ಕೆಲವು ವಾರದ ತರಗತಿ ಸಾಕು. ನಾಟಾ ಒಂದೇ ದಿನದ ಪರೀಕ್ಷೆ ಅಲ್ಲ, 2025ರಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ನಡೆಯಿತು. ಆ ವರ್ಷ ಮೂರು ಸಲದವರೆಗೆ ಬರೆಯಬಹುದಿತ್ತು.

ಪ್ರಶ್ನೆ (ಬೆಳಗಾವಿ, ವಿದ್ಯಾರ್ಥಿನಿ): ಅಕ್ಕಾ, ನಾನು ಕಾಮರ್ಸ್. ಬೇಸಿಕ್ ಮ್ಯಾಥ್ಸ್ ಇದೆ, ಅದರಲ್ಲಿ 94 ಬಂದಿದೆ. ನಾಟಾ ಬರೆದರೆ ಸೀಟು ಸಿಗುತ್ತಾ?

ಉತ್ತರ: ಸಿಗಲ್ಲ ತಂಗಿ. ಫಿಸಿಕ್ಸ್ ಇಲ್ಲ, ಮುಗಿಯಿತು. ನಾಟಾದಲ್ಲಿ ಎಷ್ಟೇ ತೆಗೆದರೂ ಅರ್ಹತೆ ಬರುವುದಿಲ್ಲ. "ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಮಾಡಿಸಿಕೊಡ್ತೀವಿ" ಅಂತ ಯಾರಾದರೂ ಅಂದರೆ ದುಡ್ಡು ಕೊಡಬೇಡ. ಅರ್ಹತೆಯ ನಿಯಮ ಮ್ಯಾನೇಜ್‌ಮೆಂಟ್ ಸೀಟಿಗೂ ಅದೇ. ನಾಳೆ ಕೌನ್ಸಿಲ್ ನೋಂದಣಿ ಸಿಗದಿದ್ದರೆ ಐದು ವರ್ಷ ನೀರಿನಲ್ಲಿ ಹೋಮ. ಇಂಟೀರಿಯರ್ ಡಿಸೈನ್ ನೋಡು, ಅದಕ್ಕೆ ಕಾಮರ್ಸ್‌ನವರನ್ನು ತೆಗೆದುಕೊಳ್ಳುವ ಕೋರ್ಸ್‌ಗಳಿವೆ.

ಪ್ರಶ್ನೆ (ಬಾಗಲಕೋಟೆ, ವಿದ್ಯಾರ್ಥಿ): ಮೇಡಂ, ಡಿಪ್ಲೊಮಾ ಸಿವಿಲ್ ಕೊನೇ ವರ್ಷ. ನಮ್ಮ ಗೆಳೆಯರು ಲ್ಯಾಟರಲ್‌ನಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಹೋಗ್ತಾರೆ. ಬಿ.ಆರ್ಕ್‌ಗೂ ಹಂಗೇ ಇದೆಯಾ?

ಉತ್ತರ: ಇಲ್ಲ ತಮ್ಮಾ, ಬಿ.ಆರ್ಕ್‌ನಲ್ಲಿ ಲ್ಯಾಟರಲ್ ಇಲ್ಲ. ಮೊದಲನೇ ವರ್ಷಕ್ಕೇ ಸೇರಬೇಕು, ಐದು ವರ್ಷವೂ ಓದಬೇಕು. ಅರ್ಹತೆ ಮಾತ್ರ ನಿನಗಿದೆ. ಹತ್ತನೇ ತರಗತಿ ಮೇಲೆ ಮೂರು ವರ್ಷದ ಡಿಪ್ಲೊಮಾ, ಅದರಲ್ಲಿ ಗಣಿತ ಕಡ್ಡಾಯ ವಿಷಯ ಆಗಿರಬೇಕು, ಒಟ್ಟು ಶೇ. 45. ನಿನ್ನ ಅಂಕಪಟ್ಟಿಯಲ್ಲಿ ಗಣಿತ ಅಂತ ಹೆಸರು ಸ್ಪಷ್ಟವಾಗಿ ಇದೆಯಾ ನೋಡಿಕೋ. ನಾಟಾ ನಿನಗೂ ಬೇಕು.

ಎಂಟು ವರ್ಷ ಆಗುತ್ತಲ್ಲ ಅಂತ ಮನೆಯವರು ಗೊಣಗುತ್ತಾರೆ, ಗೊತ್ತು. ಆದರೆ ಸೈಟ್ ನೋಡಿದ, ಕಂಬಿ ಕಟ್ಟುವುದನ್ನು ಕಂಡ ಹುಡುಗರು ಕನ್‌ಸ್ಟ್ರಕ್ಷನ್ ವಿಷಯದಲ್ಲಿ ಉಳಿದವರಿಗಿಂತ ಬಹಳ ಮುಂದಿರುತ್ತಾರೆ.

ಪ್ರಶ್ನೆ (ಸಿಂದಗಿ): ಮೇಡಂ, ವಿಜಯಪುರ ಜಿಲ್ಲೆಗೆ 371-ಜೆ ಸಿಗುತ್ತಾ?

ಉತ್ತರ: ಇಲ್ಲ. 371-ಜೆ ಅಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ ಆ ವಿಧಿಯ ಕೆಳಗೆ ಸಿಗುವ ಮೀಸಲಾತಿ. ಪಕ್ಕದ ಕಲಬುರಗಿ, ಯಾದಗಿರಿಗೆ ಇದೆ, ನಮಗಿಲ್ಲ. ಬಾಗಲಕೋಟೆ, ಬೆಳಗಾವಿಗೂ ಇಲ್ಲ. ನಮ್ಮ ಕಡೆಯ ಮಕ್ಕಳಿಗೆ ಹೆಚ್ಚು ಉಪಯೋಗ ಆಗುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಓದು ಲೆಕ್ಕ. ಶಾಲೆಯ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಯಾರಿಟ್ಟುಕೊಳ್ಳಿ. ಪಿಯು ಪರೀಕ್ಷೆಗೆ ಮೊದಲೇ ಇವೆಲ್ಲ ಮಾಡಿಸಿ. ಆಮೇಲೆ ಬಿಇಒ ಆಫೀಸಿನ ಮುಂದೆ ಪಾಳಿ ಹಚ್ಚಬೇಕಾಗುತ್ತದೆ.

ಪ್ರಶ್ನೆ (ಜತ್ತ ತಾಲ್ಲೂಕು): ನಾವು ಮಹಾರಾಷ್ಟ್ರದಾಗ ಇದ್ದರೂ ಮನೆ ಮಾತು ಕನ್ನಡ. ನಮ್ಮ ತಮ್ಮಗ ಕರ್ನಾಟಕದ ಸೀಟು ಸಿಗತೈತೇನ್ರಿ?

ಉತ್ತರ: ಗಡಿನಾಡ ಕನ್ನಡಿಗರು ಅಂತ ಕೆಇಎ ಅರ್ಜಿಯಲ್ಲೇ ಅವಕಾಶ ಇದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳು ಆ ಪಟ್ಟಿಯಲ್ಲಿವೆ. ವಾಸದ ದಾಖಲೆ ಬೇಕು, ಕೆಇಎ ನಡೆಸುವ ಕನ್ನಡ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ಮಾತಾಡಿದರೆ ಸಾಲದು, ಓದಲು ಬರೆಯಲು ಬರಬೇಕು. ಮರಾಠಿ ಶಾಲೆಯಲ್ಲಿ ಓದಿದ್ದರೆ ಈಗಿಂದಲೇ ಕಲಿಸಿ.

ಪ್ರಶ್ನೆ (ಗೋಕಾಕ, ತಾಯಿ): ಮೇಡಂ, ಯಾವ ಕಾಲೇಜು ಒಳ್ಳೇದು? ಹುಡುಗಿಯನ್ನು ದೂರ ಕಳಿಸೋಕೆ ಮನೆಯಲ್ಲಿ ಒಪ್ಪಲ್ಲ. ಎನ್‌ಐಟಿಗೂ ನಾಟಾನೇ ಸಾಕಾ?

ಉತ್ತರ: ಅಕ್ಕಾರೆ, ಎನ್‌ಐಟಿಗೆ ನಾಟಾ ನಡೆಯುವುದಿಲ್ಲ. ಜೆಇಇ ಮೇನ್‌ನ ಪೇಪರ್ 2ಎ ಬೇಕು. 400 ಅಂಕ. ಗಣಿತ 100, ಆ್ಯಪ್ಟಿಟ್ಯೂಡ್ 200, ಡ್ರಾಯಿಂಗ್ 100. ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ (ಎಸ್‌ಪಿಎ) ಕಾಲೇಜುಗಳಿಗೂ ಅದೇ. ಅಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಇರಬೇಕು, ಹನ್ನೆರಡನೇ ತರಗತಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 75 ಅಥವಾ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಬರಬೇಕು. ಸುರತ್ಕಲ್‌ನಲ್ಲಿ ಬಿ.ಆರ್ಕ್ ಇಲ್ಲ, ಹಾಗಾಗಿ ಎನ್‌ಐಟಿ ಅಂದರೆ ರಾಜ್ಯ ಬಿಟ್ಟು ಹೋಗುವುದೇ. ಐಐಟಿಗಳ ಪೈಕಿ ಖರಗಪುರ, ರೂರ್ಕಿ, ಬನಾರಸ್‌ನಲ್ಲಿ ಇದೆ. ಅವಕ್ಕೆ ಜೆಇಇ ಅಡ್ವಾನ್ಸ್ಡ್ ಪಾಸಾಗಿ, ಮೇಲೆ ಎಎಟಿ ಅನ್ನುವ ಆರ್ಕಿಟೆಕ್ಚರ್ ಆ್ಯಪ್ಟಿಟ್ಯೂಡ್ ಪರೀಕ್ಷೆ ಬರೆಯಬೇಕು.

ನಿಮಗೆ ಹತ್ತಿರ ಬೇಕೆಂದರೆ ಬೆಳಗಾವಿಯ ಗೋಗಟೆ ಕಾಲೇಜಿನಲ್ಲಿ ಬಿ.ಆರ್ಕ್ ಇದೆ, ಹುಬ್ಬಳ್ಳಿಯ ಕೆಎಲ್ಇ ಟೆಕ್‌ನಲ್ಲೂ ಇದೆ. ಯಾವುದು ಒಳ್ಳೆಯದು ಅಂತ ನಾನು ಹೇಳಿದರೆ ಗುಂಪಿನಲ್ಲಿ ಜಗಳ ಶುರುವಾಗುತ್ತದೆ! ನೀವೇ ನೋಡಿ ಬನ್ನಿ. ಮೊದಲು ಕೌನ್ಸಿಲ್ ಜಾಲತಾಣದಲ್ಲಿ ಆ ವರ್ಷಕ್ಕೆ ಅನುಮೋದನೆ ಇದೆಯಾ ನೋಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಂಯೋಜನೆ ಇದೆ ಅಂದ ಮಾತ್ರಕ್ಕೆ ಸಾಲದು. ಆಮೇಲೆ ಕಾಲೇಜಿಗೆ ಹೋದಾಗ ಆಫೀಸಿನಲ್ಲಿ ಕೂರಬೇಡಿ, ಸ್ಟುಡಿಯೋ ತೋರಿಸಿ ಅನ್ನಿ. ಬೋರ್ಡ್ ಮೇಲೆ ಶೀಟ್‌ಗಳಿವೆಯಾ, ಮೂಲೆಯಲ್ಲಿ ಅರ್ಧ ಮಾಡಿದ ಮಾಡೆಲ್‌ಗಳು, ಫೆವಿಕಾಲ್ ಡಬ್ಬಿ, ಕತ್ತರಿಸಿದ ಸನ್‌ಬೋರ್ಡ್ ಚೂರು ಬಿದ್ದಿವೆಯಾ ನೋಡಿ. ತೀರಾ ಚೊಕ್ಕಟವಾದ ಸ್ಟುಡಿಯೋ ಕಂಡರೆ ನನಗೆ ಅನುಮಾನ ಬರುತ್ತದೆ. ಮೂರನೇ ವರ್ಷದ ಇಬ್ಬರು ಮಕ್ಕಳನ್ನು ಹಿಡಿದು, ಜ್ಯೂರಿ ಯಾರು ಮಾಡುತ್ತಾರೆ, ಹೊರಗಿನ ಆರ್ಕಿಟೆಕ್ಟ್‌ಗಳು ಬರುತ್ತಾರಾ ಅಂತ ಕೇಳಿ.

ಅದೇ ತಾಯಿ: ಜ್ಯೂರಿ ಅಂದ್ರೆ ಏನ್ರಿ ಮೇಡಂ? ಮತ್ತೆ ನಮ್ಮ ಮನೆ ಪ್ಲಾನ್ ಎಂಜಿನಿಯರ್ ಹಾಕಿಕೊಟ್ಟರು. ಐದು ವರ್ಷ ಓದಿ ಇವಳು ಬೇರೆ ಏನು ಮಾಡ್ತಾಳೆ?

ಉತ್ತರ: ಜ್ಯೂರಿ ಅಂದರೆ ತಾನು ಮಾಡಿದ ಡಿಸೈನ್ ಗೋಡೆಗೆ ಅಂಟಿಸಿ, ಎದುರು ಕೂತವರ ಪ್ರಶ್ನೆಗೆ ಉತ್ತರ ಕೊಡುವುದು. "ಈ ಕಿಟಕಿ ಪಶ್ಚಿಮಕ್ಕೆ ಯಾಕೆ ಇಟ್ಟೆ? ಏಪ್ರಿಲ್‌ನಲ್ಲಿ ಗೋಕಾಕದ ಬಿಸಿಲು ಗೊತ್ತಿಲ್ವಾ?" ಅಂತ ಕೇಳುತ್ತಾರೆ. ರಾತ್ರಿಯೆಲ್ಲ ಎದ್ದು ಮಾಡಿದ ಮಾಡೆಲ್‌ಗೆ ಹೀಗೆ ಅನ್ನಿಸಿಕೊಂಡು ಅಳುವ ಮಕ್ಕಳಿದ್ದಾರೆ. ನಿದ್ದೆಗೆಡುವುದು ಇದೆ, ಸುಳ್ಳು ಹೇಳಲ್ಲ.

ಹತ್ತು ಸೆಮಿಸ್ಟರ್‌ಗೂ ಬೆನ್ನೆಲುಬು ಡಿಸೈನ್ ಸ್ಟುಡಿಯೋ. ಜೊತೆಗೆ ಕಟ್ಟಡ ಸಾಮಗ್ರಿ, ಸ್ಟ್ರಕ್ಚರ್, ಹವಾಮಾನ, ವಾಸ್ತುಶಿಲ್ಪದ ಇತಿಹಾಸ, ನೀರು-ವಿದ್ಯುತ್ ವ್ಯವಸ್ಥೆ, ಎಸ್ಟಿಮೇಟ್. ಒಂದು ಸೆಮಿಸ್ಟರ್ ಆರ್ಕಿಟೆಕ್ಟ್ ಆಫೀಸಿನಲ್ಲಿ ತರಬೇತಿ. ಕೊನೆಗೆ ಥೀಸಿಸ್. ಪಾಸಾದ ಮೇಲೆ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದರೆ ಮಾತ್ರ "ಆರ್ಕಿಟೆಕ್ಟ್" ಅಂತ ಬೋರ್ಡ್ ಹಾಕಿಕೊಳ್ಳಬಹುದು.

ಎಂಜಿನಿಯರ್ ನಿಮ್ಮ ಮನೆ ಬೀಳದ ಹಾಗೆ ನೋಡಿಕೊಂಡರು, ಅದು ದೊಡ್ಡ ಕೆಲಸ. ನಿಮ್ಮ ಮಗಳು ಕಲಿಯುವುದು, ಆ ಮನೆಯೊಳಗೆ ಮಧ್ಯಾಹ್ನ ಮೂರಕ್ಕೆ ಫ್ಯಾನ್ ಇಲ್ಲದೆ ಕೂರಲು ಆಗುತ್ತಾ, ಅಡುಗೆಮನೆಯ ಹೊಗೆ ಪಡಸಾಲೆಗೆ ಬರುತ್ತಾ ಅನ್ನುವುದನ್ನು ಗೆರೆ ಎಳೆಯುವಾಗಲೇ ಯೋಚಿಸುವುದು. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಗೋಡೆ, ಸಣ್ಣ ಗವಾಕ್ಷಿ ಯಾಕಿತ್ತು ಅಂತ ಹವಾಮಾನದ ಪಾಠದಲ್ಲಿ ಬರುತ್ತದೆ. ಅದನ್ನು ಓದಿ ಬಂದವರು ಊರಲ್ಲಿ ಗಾಜಿನ ಡಬ್ಬ ಕಟ್ಟಲು ಸ್ವಲ್ಪ ಹಿಂಜರಿಯುತ್ತಾರೆ.

ಪ್ರಶ್ನೆ (ಮುಧೋಳ, ವಿದ್ಯಾರ್ಥಿ): ಮೇಡಂ, ನಂದು ಕನ್ನಡ ಮಾಧ್ಯಮ. ನಾಟಾ ಇಂಗ್ಲಿಷ್‌ನಲ್ಲಿ ಅಲ್ವಾ? ಮತ್ತೆ ದೊಡ್ಡ ಲ್ಯಾಪ್‌ಟಾಪ್ ಈಗಲೇ ತಗೋಬೇಕಾ?

ಉತ್ತರ: ಪ್ರಶ್ನೆ ಇಂಗ್ಲಿಷ್‌ನಲ್ಲಿ ಬರುತ್ತದೆ, ಚಿತ್ರಕ್ಕೆ ಭಾಷೆ ಇಲ್ಲ. ಹಳೆಯ ಪ್ರಶ್ನೆಗಳನ್ನು ಹತ್ತಾರು ಸಲ ಓದು. ಬರುವ ಪದಗಳು ಅವೇ ಇರುತ್ತವೆ, ರೂಢಿಯಾಗುತ್ತದೆ. ಲ್ಯಾಪ್‌ಟಾಪ್ ಈಗ ಬೇಡ. ಮೊದಲ ವರ್ಷ ಹೆಚ್ಚಾಗಿ ಡ್ರಾಯಿಂಗ್ ಬೋರ್ಡ್, ಪೆನ್ಸಿಲ್, ಕೈ ಕೆಲಸವೇ. ಯಾವ ಸಾಫ್ಟ್‌ವೇರ್ ಯಾವ ಸೆಮಿಸ್ಟರ್‌ಗೆ ಬರುತ್ತದೆ ಅಂತ ಸೀನಿಯರ್‌ಗಳನ್ನು ಕೇಳಿ, ಎರಡನೇ ವರ್ಷಕ್ಕೆ ತೆಗೆದುಕೋ. ಈಗ ಕೈಯಲ್ಲಿ ದುಡ್ಡಿದ್ದರೆ ಒಳ್ಳೆಯ ಬಣ್ಣದ ಪೆನ್ಸಿಲ್ ಸೆಟ್, 2ಬಿ, 4ಬಿ, 6ಬಿ ಪೆನ್ಸಿಲ್, ಒಂದು ಎ4 ಸ್ಕೆಚ್ ಪುಸ್ತಕ ತೆಗೆದುಕೋ. ಮೊದಲ ಹತ್ತು ಪುಟ ತುಂಬಿದ ಮೇಲೆ ಫೋಟೋ ಹೊಡೆದು ಇಲ್ಲಿ ಹಾಕು, ನೋಡಿ ಹೇಳುತ್ತೇನೆ.